ಗೆಳೆಯನ ಮನೆ 'ಸ್ಟಾಪ್' ಅಲ್ಲ ಮಾರಾಯ್ರೇ

ಇತ್ತೀಚೆಗೆ ಯಾರೇ ರೋಡ್ ಟ್ರಿಪ್ ಪ್ಲಾನ್ ಕಳಿಸಲಿ, ಅದರಲ್ಲಿ ಒಂದು ಸಾಲು ಇದ್ದೇ ಇರತ್ತೆ. "ಎರಡನೇ ದಿನ: ಬೆಳಿಗ್ಗೆ ಹೊರನಾಡು, ಮಧ್ಯಾಹ್ನ ಕಳಸದಲ್ಲಿ ಫ್ರೆಂಡ್ ಮನೆ ಊಟ, ಮೂರು ಗಂಟೆಗೆ ಕುದುರೆಮುಖ, ಸಂಜೆ ಕಾರ್ಕಳ." ಊರಿನ ಹೆಸರು ಬೇರೆ ಇರಬಹುದು. ಕಳಸದ ಬದಲು ಆಗುಂಬೆ, ಸೋಮವಾರಪೇಟೆ, ಇಲ್ಲಾ ಯಲ್ಲಾಪುರದ ಆಚೆಗಿನ ಯಾವುದೋ ಹಳ್ಳಿ... ಆದರೆ ಆ 'ಫ್ರೆಂಡ್ ಮನೆ ಊಟ' ಮಾತ್ರ ತಪ್ಪೋದಿಲ್ಲ. ಒಂದು ದೇವಸ್ಥಾನ, ಒಂದು ಜಲಪಾತ, ಒಂದು ವ್ಯೂ ಪಾಯಿಂಟು, ನಡುವೆ ಒಬ್ಬ ಗೆಳೆಯ!

ನನಗೆ ಈ ಸಾಲು ಕಂಡರೆ ಮೈ ಉರಿಯತ್ತೆ. ಬೆಟ್ಟದೂರಿನಲ್ಲಿ ಉಳಿದುಕೊಂಡ ಹಳೇ ಗೆಳೆಯರನ್ನ ನಾವೆಲ್ಲ ಸೇರಿ ನಿಧಾನವಾಗಿ ಒಂದು ಪ್ರವಾಸಿ ತಾಣ ಮಾಡಿಬಿಟ್ಟಿದ್ದೀವಿ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಹಾಗಂತೀನಿ ಅಂತ ಹೇಳೋಕೆ ಸ್ವಲ್ಪ ಉದ್ದ ಬರೀಬೇಕಾಗತ್ತೆ, ಕಾಫಿ ತಂದಿಟ್ಕೊಂಡು ಓದಿ :-)

ಕಳಸದಲ್ಲಿ ನನಗೊಬ್ಬ ಹಳೇ ಗೆಳೆಯ ಇದ್ದಾನೆ. ಹೆಸರು ಹಾಕಿದರೆ ಫೋನ್ ಮಾಡಿ ಬೈತಾನೆ, ಅದಕ್ಕೇ ಬರೀ 'ಗೆಳೆಯ' ಅಂತಲೇ ಇಟ್ಟುಕೊಳ್ಳೋಣ. ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ನಾವು ನಾಲ್ಕು ಜನ ಒಂದೇ ಕೋಣೆಯಲ್ಲಿದ್ದವರು. ಅವನು ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಅಪ್ಪನಿಗೆ ಕೈಲಾಗದೇ ಹೋದಾಗ ತೋಟ ನೋಡಿಕೊಳ್ಳೋಕೆ ಅಂತ ವಾಪಸ್ ಹೋದ. ಪೇಟೆಯಿಂದ ಇನ್ನೂ ಒಳಗೆ ಅವನ ಮನೆ. ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣು ರಸ್ತೆ. ಸ್ವಲ್ಪ ಅಡಿಕೆ, ಸ್ವಲ್ಪ ಕಾಫಿ, ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಕಳೆದ ಜುಲೈನಲ್ಲಿ ನಾವು ಉಳಿದ ಮೂವರು ಕಾರಿನಲ್ಲಿ ಘಟ್ಟ ಸುತ್ತೋಕೆ ಹೊರಟಾಗ, ಅವನ ಮನೆಯಲ್ಲಿ ಎರಡು ರಾತ್ರಿ ಅಂತ ಮೊದಲೇ ಹೇಳಿ ಹೋದೆವು. ಆ ಎರಡು ದಿನದಲ್ಲಿ ಬೇರೆ ಯಾವ ಜಾಗವನ್ನೂ ಪಟ್ಟಿಗೆ ಹಾಕಿರಲಿಲ್ಲ.

ಆ ಕಡೆ ಹೋಗದವರಿಗೆ ಸ್ವಲ್ಪ ಭೂಗೋಳ ಹೇಳಿಬಿಡ್ತೀನಿ. ಮೂಡಿಗೆರೆ ದಾಟಿ ಕೊಟ್ಟಿಗೆಹಾರಕ್ಕೆ ಬಂದರೆ ರಸ್ತೆ ಕವಲೊಡೆಯತ್ತೆ. ಒಂದು ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆಗೆ ಹೋಗತ್ತೆ, ಇನ್ನೊಂದು ಕಳಸಕ್ಕೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೇ ಮುಂದೆ ಹೋಗೋರು ಕಮ್ಮಿ, ನಾವೂ ತಿಂದೆವು. ಆಮೇಲೆ ಟೀ ತೋಟ, ಕಾಫಿ ತೋಟ, ತಿರುವಿನ ಮೇಲೆ ತಿರುವು. ಕಳಸ ಭದ್ರಾ ನದಿ ಪಕ್ಕದ ಸಣ್ಣ ಪೇಟೆ. ಕಳಸೇಶ್ವರನ ದೇವಸ್ಥಾನ ಇದೆ. ಮೊದಲು ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿತ್ತು, ಈಗ ತಾನೇ ತಾಲ್ಲೂಕು ಕೇಂದ್ರ. ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್. ಇನ್ನೊಂದು ಕಡೆ ಕುದುರೆಮುಖದ ಕಾಡು ದಾಟಿ ಘಟ್ಟ ಇಳಿದರೆ ಕಾರ್ಕಳ. ಅನ್ನಪೂರ್ಣೇಶ್ವರಿಯ ಹೊರನಾಡು ಹತ್ತಿರದಲ್ಲೇ ಇದೆ, ಅಲ್ಲಿಗೆ ಹೋಗೋ ಬಹಳಷ್ಟು ಜನರಿಗೆ ಕಳಸ ಅಂದರೆ ಬಸ್ಸು ನಿಂತು ಟೀ ಕುಡಿಯೋ ಜಾಗ.

ಮೊದಲ ದಿನ ಯಾರ ಮನೆಗೆ ಹೋದರೂ ನಮಗೆ ಸಿಗೋದು ಆತಿಥ್ಯ. ಮನೆಯವರು ಸಿಗಬೇಕು ಅಂದರೆ ಎರಡನೇ ದಿನದವರೆಗೆ ಕಾಯಬೇಕು. ಮೊದಲ ದಿನ ಪತ್ರೊಡೆ ಬಂತು, ಕಳಲೆ ಪಲ್ಯ ಬಂತು, ಹಲಸಿನ ಹಪ್ಪಳ ಬಂತು, ಬಚ್ಚಲ ಒಲೆಗೆ ದೊಡ್ಡ ಕುಂಟೆ ಇಟ್ಟು ಹಂಡೆ ತುಂಬಾ ನೀರು ಕಾಯಿಸಿದ್ದರು. "ಇನ್ನೊಂದು ಹಾಕಿಸ್ಕೊಳ್ರಪ್ಪಾ, ಬೆಂಗ್ಳೂರಲ್ಲಿ ಎಂತ ತಿಂತೀರೋ" ಅಂತ ಅವನ ಅಮ್ಮ ಬಡಿಸಿದ್ದೇ ಬಡಿಸಿದ್ದು. ಗೆಳೆಯ ಹಳೇ ವಾರ್ಡನ್ ಕಥೆ ಹೇಳಿ ನಗಿಸಿದ. ಮಧ್ಯಾಹ್ನ ಊಟ ಮಾಡಿ ಮೂರಕ್ಕೆ ಹೊರಡೋರು ನೋಡೋದು ಇಷ್ಟನ್ನೇ. ನೋಡಿ, ಫೋಟೋ ತೆಗೆದು, ಹೊರಡುವಾಗ ಅಂಗಳದಲ್ಲಿ ನಿಂತು ಆ ಮಾತು ಹೇಳ್ತಾರೆ: "ನೀನೇ ಪುಣ್ಯವಂತ ಕಣೋ. ನಮ್ಮದೂ ಒಂದು ಬದುಕಾ!"

ನಮ್ಮ ಜೊತೆಗಿದ್ದವನೂ ಅವತ್ತು ರಾತ್ರಿ ಜಗಲಿ ಮೇಲೆ ಕೂತು ಇದನ್ನೇ ಅಂದ. ಗೆಳೆಯ ನಕ್ಕು "ಹೂಂ ಮಾರಾಯ" ಅಂದ. ಮಾತು ಅಲ್ಲಿಗೆ ನಿಂತಿತು. ನೀವು ಗಮನಿಸಿ ನೋಡಿ, 'ಪುಣ್ಯವಂತ' ಅಂದ ಮೇಲೆ ಎದುರಿನವನಿಗೆ ಹೇಳೋಕೆ ಏನೂ ಉಳಿಯೋದಿಲ್ಲ. ಹೌದು ಅಂದರೆ ಸುಳ್ಳು, ಅಲ್ಲ ಅಂದರೆ ನೆಂಟರ ಮುಂದೆ ಗೋಳು ತೋಡಿಕೊಂಡ ಹಾಗೆ. ಹೊಗಳಿಕೆಯ ಹಾಗೆ ಕಾಣತ್ತೆ, ಮಾಡೋ ಕೆಲಸ ಬಾಯಿ ಮುಚ್ಚಿಸೋದು. ಅವನ ಬದುಕು ಹೇಗಿದೆ ಅಂತ ನಾವು ಕೇಳೋದೇ ಇಲ್ಲ, ಹೇಗಿದೆ ಅಂತ ನಾವೇ ಅವನಿಗೆ ಹೇಳಿ ಬರ್ತೀವಿ.

ಎರಡನೇ ದಿನ ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾಯಿತು. ನಮಗೆ ಖುಷಿ, ಮೋಡ ಸರಿದು ಗುಡ್ಡ ಕಾಣ್ತಿದೆ ಅಂತ. ಗೆಳೆಯ ಕಾಫಿಯನ್ನ ಅರ್ಧಕ್ಕೇ ಬಿಟ್ಟು ಎದ್ದ. ಹೊಳವಿಗೆ ಅವನು ಒಂದು ವಾರದಿಂದ ಕಾಯ್ತಾ ಇದ್ದನಂತೆ. ಮಳೆ ಬಿಡದೇ ಅಡಿಕೆಗೆ ಔಷಧಿ ಹೊಡೆಯೋ ಹಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಇದು ಬೋರ್ಡೋ ದ್ರಾವಣ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಒಂದೂವರೆ ತಿಂಗಳ ಆಸುಪಾಸಿನಲ್ಲಿ ಇನ್ನೊಂದು ಸಲ ಗೊನೆಗೆ ಬೀಳದೇ ಹೋದರೆ ಕೊಳೆರೋಗ ಬಂದು ಎಳೆ ಅಡಿಕೆ ಉದುರತ್ತೆ. ಔಷಧಿ ಹೊಡೆಯೋಕೆ ಜನ ಬೇಕು, ಆ ಜನ ಅವತ್ತು ಎಲ್ಲರ ತೋಟಕ್ಕೂ ಬೇಕು. ಮೊದಲೆಲ್ಲ ಮರ ಹತ್ತಿಯೇ ಹೊಡೀತಿದ್ದರು, ಈಗ ಉದ್ದನೆಯ ಕಾರ್ಬನ್ ಫೈಬರ್ ದೋಟಿ ಬಂದು ಸ್ವಲ್ಪ ಸಲೀಸಾಗಿದೆ. ಆದರೂ ಹಿಡಿಯೋಕೆ ಕೈ ಬೇಕಲ್ಲ. ನಾವು ಮೂವರು ಸುಣ್ಣ ಕಲಸಿದೆವು, ಪೈಪು ಎಳೆದೆವು. ಇಂಬಳ ಕಿತ್ತು ಎಸೆದಿದ್ದಕ್ಕಂತೂ ಲೆಕ್ಕ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಮಳೆ.

ಗೆಳೆಯ ಬಾಯಿ ಬಿಟ್ಟಿದ್ದು ಆಮೇಲೆ, ತೋಟದಿಂದ ಮನೆಗೆ ಬರೋ ದಾರಿಯಲ್ಲಿ. ಮರದ ಸೋಗೆ ತೋರಿಸಿದ. ಮೈತುಂಬಾ ಕಂದು ಚುಕ್ಕಿ, ಸುತ್ತ ಹಳದಿ ಬಳೆ. ಎಲೆಚುಕ್ಕಿ ರೋಗ. ಇದೂ ಶಿಲೀಂಧ್ರದ್ದೇ ಕೆಲಸ, ಗಾಳಿ ಮಳೆಯಲ್ಲಿ ತೋಟದಿಂದ ತೋಟಕ್ಕೆ ಹೋಗತ್ತೆ. ಚುಕ್ಕಿ ಒಂದಕ್ಕೊಂದು ಸೇರಿ ಸೋಗೆ ಒಣಗತ್ತೆ, ಸೋಗೆ ಒಣಗಿದ ಮರಕ್ಕೆ ಕಾಯಿ ಕಟ್ಟೋ ಶಕ್ತಿ ಇರೋದಿಲ್ಲ. 2022ರ ಹೊತ್ತಿಗೆ ಕಳಸ ಭಾಗದ ತೋಟಗಳಲ್ಲಿ ಇದು ಜೋರಾಗಿ ಹಬ್ಬಿತ್ತು. ಒಬ್ಬನೇ ಔಷಧಿ ಹೊಡೆದರೆ ಸಾಲೋದಿಲ್ಲ, ಪಕ್ಕದ ತೋಟದವನೂ ಹೊಡೆಯಬೇಕು. ಪಕ್ಕದ ತೋಟದವನು ಬೆಂಗಳೂರಿನಲ್ಲಿದ್ದಾನೆ. "ಇನ್ನು ಐದು ವರ್ಷ ಹೀಗೇ ಆದ್ರೆ ಎಂತ ಮಾಡೋದು ಗೊತ್ತಿಲ್ಲ ಮಾರಾಯ" ಅಂದ. ಹಾಸ್ಟೆಲ್ಲಿನಲ್ಲಿ ಪರೀಕ್ಷೆ ಹಿಂದಿನ ರಾತ್ರಿಯೂ ಅವನ ಬಾಯಲ್ಲಿ 'ಗೊತ್ತಿಲ್ಲ' ಅನ್ನೋ ಮಾತು ನಾನು ಕೇಳಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಮಾತ್ರ ಹೋದವರಿಗೆ ಈ ಮಾತು ಸಿಗೋದಿಲ್ಲ. ಇದನ್ನ ಹೇಳೋಕೆ ಅವನಿಗೂ ಒಂದು ದಿನ ಬೇಕು.

ಅವನ ಜೊತೆ ಎರಡು ದಿನ ಇದ್ದರೆ ನಮ್ಮ ರೋಡ್ ಟ್ರಿಪ್ಪಿನ ಒಂದೊಂದು ಶಬ್ದಕ್ಕೂ ಅಲ್ಲಿ ಬೇರೆ ಅರ್ಥ ಇದೆ ಅಂತ ಗೊತ್ತಾಗತ್ತೆ. ನಮಗೆ 'ಭರ್ಜರಿ ಮಳೆ'. ಅವರಿಗೆ 2019ರ ಆಗಸ್ಟ್. ಆ ಮಳೆಗೆ ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳೇ ಜಾರಿ ಮಲೆಮನೆ, ಮಧುಗುಂಡಿಯಂಥ ಹಳ್ಳಿಗಳಲ್ಲಿ ಮನೆ ತೋಟ ಕೊಚ್ಚಿಹೋದವು, ಚಾರ್ಮಾಡಿ ಘಾಟಿ ಕುಸಿದು ತಿಂಗಳುಗಟ್ಟಲೆ ಸಂಚಾರ ಸರಿಯಿರಲಿಲ್ಲ. ಭದ್ರಾ ಏರಿ, ಕಳಸ ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗಿತ್ತು. ಮುಳುಗಿದ ಸೇತುವೆ ನಮಗೆ ಫೋನಿನಲ್ಲಿ ಬರೋ ವಿಡಿಯೋ. ಅವರಿಗೆ ಆಚೆ ದಡದ ಶಾಲೆ, ಆಚೆ ದಡದ ಕೆಲಸ, ಆಚೆ ದಡದ ನೆಂಟರು ಎಲ್ಲ ಅವತ್ತಿಗೆ ಬಂದ್.

ಕುದುರೆಮುಖದ ಕಾಡಿನ ರಸ್ತೆ ನಮಗೆ 'ಸೀನಿಕ್ ಡ್ರೈವ್'. ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರ್ ಬರೆಸಿ, ಮಂಜಿನೊಳಗೆ ಹಾಡು ಹಾಕಿಕೊಂಡು ಹೋಗ್ತೀವಿ. ಗೆಳೆಯನ ಅಪ್ಪನಿಗೆ ಎರಡು ವರ್ಷದ ಹಿಂದೆ ರಾತ್ರಿ ಹೊತ್ತು ಉಸಿರಾಡೋಕೆ ಕಷ್ಟವಾದಾಗ ಅವರನ್ನ ಪಕ್ಕದ ಮನೆಯವರ ಜೀಪಿನಲ್ಲಿ ಮಲಗಿಸಿಕೊಂಡು ಹೋಗಿದ್ದು ಇದೇ ರಸ್ತೆಯಲ್ಲಿ. ಪೇಟೆಯ ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಸಿಗತ್ತೆ, ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು ಇಲ್ಲಾ ಮಣಿಪಾಲ. ಮಂಗಳೂರಿಗೆ ನೂರು ಕಿಲೋಮೀಟರಿಗೂ ಹೆಚ್ಚು, ಅದರಲ್ಲಿ ಅರ್ಧ ಕಾಡು ಮತ್ತು ಘಾಟಿ. ಅಪ್ಪ ಉಳಿದರು. "ಆ ತಿರುವು ಬಂದಾಗೆಲ್ಲ ನಂಗೆ ಈಗ್ಲೂ ಕೈ ನಡುಗ್ತದೆ" ಅಂದ. ನಾವು ಫೋಟೋ ತೆಗೆಸಿಕೊಳ್ಳೋ ತಿರುವೇ ಇರಬೇಕು ಅದು.

ಇನ್ನು ಬಸ್ಸು. ಕೊಪ್ಪದ 'ಸಹಕಾರ ಸಾರಿಗೆ' ನೆನಪಿದೆಯಾ? ಶಂಕರ್ ಸಂಸ್ಥೆಯ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಂಘ ಕಟ್ಟಿ ನಡೆಸಿದ ಬಸ್ಸುಗಳು. ಡ್ರೈವರ್ ಕಂಡಕ್ಟರುಗಳೇ ಮಾಲೀಕರು. ಮಲೆನಾಡಿನ ಮೂಲೆ ಮೂಲೆಗೆ ಶಾಲೆ ಮಕ್ಕಳನ್ನ, ಹಾಲಿನ ಕ್ಯಾನನ್ನ, ಪೇಪರ್ ಕಟ್ಟನ್ನ ಹೊತ್ತುಕೊಂಡು ಓಡಿದವು. 2020ರ ಫೆಬ್ರವರಿಯಲ್ಲಿ ನಷ್ಟ ತಾಳಲಾರದೆ ನಿಂತವು. ಅದು ನಿಂತಾಗ ನಮ್ಮಲ್ಲಿ ಎಷ್ಟೋ ಜನ 'ಅಯ್ಯೋ ನೆನಪುಗಳು' ಅಂತ ಬರೆದೆವು. ಗೆಳೆಯನ ಅಮ್ಮನ ಕೇಳಿದರೆ ನೆನಪಿನ ಮಾತೇ ಇಲ್ಲ. "ಮೊದ್ಲಾದ್ರೆ ಬಸ್ ಹತ್ತಿ ತಂಗಿ ಮನೆಗೆ ಹೋಗಿ ಬರ್ತಿದ್ದೆ. ಈಗ ಮಗನಿಗೆ ಬಿಡುವಾಗ್ಬೇಕು, ಕಾರು ತೆಗೀಬೇಕು" ಅಂದರು. ಬಸ್ಸು ಕಮ್ಮಿಯಾದ ಊರಲ್ಲಿ ವಯಸ್ಸಾದ ಹೆಂಗಸರ ಓಡಾಟ ಮೊದಲು ನಿಲ್ಲತ್ತೆ. ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗೋ ನಮಗೆ ಬಸ್ ಸ್ಟ್ಯಾಂಡ್ ಕಾಣೋದು ತಿರುಗಿಸೋ ಜಾಗವಾಗಿ ಮಾತ್ರ.

ಇಷ್ಟೆಲ್ಲ ಕೇಳಿದ ಮೇಲೆ ಎರಡನೇ ತಪ್ಪು ಮಾತು ಬರತ್ತೆ: "ಮತ್ಯಾಕೆ ಇಲ್ಲಿದೀಯ? ಎಲ್ಲ ಮಾರಿ ಬೆಂಗಳೂರಿಗೆ ಬಂದ್ಬಿಡು." ಇದೂ ಮೊದಲನೆಯದರ ಅಣ್ಣನೇ. ಪುಣ್ಯವಂತ ಅನ್ನೋನೂ ಕೇಳಿಸಿಕೊಳ್ಳಲಿಲ್ಲ, ಬಂದ್ಬಿಡು ಅನ್ನೋನೂ ಕೇಳಿಸಿಕೊಳ್ಳಲಿಲ್ಲ. ಅವನೇನು ನಮ್ಮ ಹತ್ತಿರ ತೀರ್ಪು ಕೇಳಿರಲಿಲ್ಲ. ಆ ಅಪ್ಪ ಅಮ್ಮ ಯಾವ ಅಪಾರ್ಟ್‌ಮೆಂಟಿನ ಎಷ್ಟನೇ ಮಹಡಿಯಲ್ಲಿ ಇರ್ತಾರೆ, ರೋಗ ಬಂದ ತೋಟಕ್ಕೆ ಯಾರು ಎಷ್ಟು ಕೊಡ್ತಾರೆ, ಇಷ್ಟು ವರ್ಷ ಬಿಟ್ಟ ಕೆಲಸ ಯಾರು ಕೊಡ್ತಾರೆ, ಇವೆಲ್ಲ ಅವನು ರಾತ್ರಿ ನಿದ್ದೆಗೆಟ್ಟು ಹಾಕಿದ ಲೆಕ್ಕ. ನಾವು ಒಂದು ಲೋಟ ಕಷಾಯ ಮುಗಿಸೋದರೊಳಗೆ ಉತ್ತರ ಕೊಟ್ಟುಬಿಡ್ತೀವಿ. ಮತ್ತೆ ಅವನಿಗೆ ಆ ಊರು ಇಷ್ಟ, ಅದನ್ನೂ ಮರೀಬಾರದು. ಇಷ್ಟ ಇದ್ದೂ ಕಷ್ಟ ಇರಬಹುದು ಅನ್ನೋದು ನಮಗ್ಯಾಕೆ ಅಷ್ಟು ಬೇಗ ಅರ್ಥ ಆಗೋದಿಲ್ಲವೋ!

ಮೂರನೇ ದಿನ ನಾವು ಕುದುರೆಮುಖದ ಮೇಲೆ ಘಟ್ಟ ಇಳಿದೆವು. ನಮ್ಮ ಕಾರಿನಲ್ಲಿದ್ದ ಒಬ್ಬ ಹುಟ್ಟಿ ಬೆಳೆದಿದ್ದೇ ಕುದುರೆಮುಖದ ಟೌನ್‌ಶಿಪ್ಪಿನಲ್ಲಿ, ಅವನಪ್ಪ ಗಣಿ ಕಂಪನಿಯಲ್ಲಿದ್ದರು. ಆ ಊರಿನ ಕಥೆ ನಿಮಗೆ ಗೊತ್ತಿರತ್ತೆ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯಿತು, ಅದಿರಿನ ಪುಡಿಯನ್ನ ನೀರಿನ ಜೊತೆ ಕಲಸಿ ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಇಳಿಸ್ತಿದ್ದರು. ಕಾಡಿನ ನಡುವೆ ಮನೆ, ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲ ಇರೋ ಊರು ಎದ್ದಿತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟು 2002ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ 2005ರ ಕೊನೆಗೆ ಗಣಿ ನಿಂತಿತು. ಕಾಡಿನ ದೃಷ್ಟಿಯಿಂದ ಆ ತೀರ್ಪು ಸರಿ ಅಂತ ನಾನು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೀನಿ. ಗಣಿ ನಿಂತ ಮೇಲೆ ಊರು ಖಾಲಿಯಾಯಿತು.

ಅವನು ಕಾರು ನಿಲ್ಲಿಸಿಸಿ ತನ್ನ ಹಳೇ ಮನೆ ಸಾಲು ತೋರಿಸಿದ. ಗೋಡೆ ಮೇಲೆ ಪಾಚಿ, ಕಿಟಕಿಯೊಳಗಿಂದ ಗಿಡ. ಅವನ ಬಾಲ್ಯದ ಗೆಳೆಯರು ಒಬ್ಬ ಮಂಗಳೂರು, ಒಬ್ಬ ದುಬೈ, ಇನ್ನೊಬ್ಬ ಎಲ್ಲಿದ್ದಾನೋ ಗೊತ್ತಿಲ್ಲ. "ಕಳಸದಲ್ಲಿ ನಿಮಗೆ ಹೋಗೋಕೆ ಒಂದು ಮನೆ ಇದೆಯಲ್ಲ, ನಂಗೆ ಈ ಊರಲ್ಲಿ ಯಾರ ಮನೆ ಬಾಗಿಲು ತಟ್ಟಲಿ?" ಅಂದ. ಇದೇ ಮನುಷ್ಯ ಮೊನ್ನೆ ರಾತ್ರಿ ಜಗಲಿಯಲ್ಲಿ 'ಪುಣ್ಯವಂತ' ಅಂದಿದ್ದು. ಅವನು ಹಾಗಂದಿದ್ದು ಯಾಕೆ ಅಂತ ನನಗೆ ಅರ್ಥವಾಗಿದ್ದು ಆಗ.

ಗಣಿಯ ಊರು ಒಂದು ತಾರೀಖಿಗೆ ಮುಚ್ಚಿತು. ತೋಟದ ಊರಿಗೆ ಅಂಥ ತಾರೀಖು ಇರೋದಿಲ್ಲ. ಅದು ಮನೆ ಮನೆಯಾಗಿ ಮುಚ್ಚತ್ತೆ. ಮಕ್ಕಳು ಪಿಯುಸಿಗೆ ಅಂತ ಘಟ್ಟದ ಕೆಳಗಿನ ಹಾಸ್ಟೆಲ್ಲಿಗೆ ಹೋಗ್ತಾರೆ, ಅಲ್ಲಿಂದ ಬೆಂಗಳೂರು, ಅಲ್ಲಿಂದ ಮುಂದೆ. ಒಂದು ಮನೆಗೆ ಬೀಗ, ಆಮೇಲೆ ಇನ್ನೊಂದಕ್ಕೆ. ಗೆಳೆಯನ ಮನೆಗೆ ಹೋಗೋ ಮಣ್ಣು ರಸ್ತೆಯಲ್ಲಿ ಆರು ಮನೆ ಇವೆ, ಎರಡರಲ್ಲಿ ಈಗ ಯಾರೂ ಇಲ್ಲ. ಆ ದಾರಿಗೆ ಅವನ ಮನೆ ದೀಪ ಎಷ್ಟು ಮುಖ್ಯ ಅಂತ ರಾತ್ರಿ ಅಲ್ಲಿ ಗಾಡಿ ಓಡಿಸಿದವರಿಗೇ ಗೊತ್ತು.

ಇನ್ನು ದುಡ್ಡಿನ ವಿಷಯ, ಇದನ್ನ ಹೇಳದೇ ಬಿಟ್ಟರೆ ಆಗಲ್ಲ. ಕಳಸದ ಸುತ್ತ ಹೋಂಸ್ಟೇಗಳು ತುಂಬಾ ಇವೆ. ತೋಟ ಕೈಕೊಟ್ಟಾಗ ಕೈ ಹಿಡಿದಿದ್ದು ಅದೇ. ನಿಮ್ಮ ಗೆಳೆಯ ಹೋಂಸ್ಟೇ ನಡೆಸ್ತಾ ಇದ್ದರೆ, ಅಲ್ಲಿ ಹೋಗಿ 'ಫ್ರೆಂಡ್ಸ್ ರೇಟು' ಕೇಳಬೇಡಿ. ಬೆಂಗಳೂರಿನ ಮಾಲಿನಲ್ಲಿ ಬಿಲ್ ನೋಡದೇ ಕಾರ್ಡ್ ಉಜ್ಜೋ ಜನ, ಕಳಸದಲ್ಲಿ ಹಳೇ ರೂಮ್‌ಮೇಟಿನ ಹತ್ತಿರ ಎಂಟು ಜನಕ್ಕೆ ಆರು ಜನದ ಲೆಕ್ಕ ಹಾಕಿಸೋದು ನೋಡಿದ್ದೀನಿ. ಅವನು ಬೇಡ ಅಂತಾನೆ, ದಾಕ್ಷಿಣ್ಯ. ನಾವು ಪೂರ್ತಿ ಕೊಡಬೇಕು, ಮರ್ಯಾದೆ. ಹೋಂಸ್ಟೇ ಇಲ್ಲದವನ ಮನೆಯನ್ನ ಹೋಂಸ್ಟೇ ಮಾಡಿಕೊಳ್ಳೋದಂತೂ ಇನ್ನೂ ಕೆಟ್ಟದ್ದು. ಆಫೀಸಿನ ಹತ್ತು ಜನರನ್ನ ಕರೆದುಕೊಂಡು ಹೋಗಿ "ನಮ್ಮ ಫ್ರೆಂಡ್ ಮನೆ, ಏನೂ ಸಂಕೋಚ ಬೇಡ" ಅಂದರೆ, ಅಡುಗೆಮನೆಯಲ್ಲಿ ನಿಂತಿರೋ ಅತ್ತಿಗೆಗೆ ಸಂಕೋಚ ಇಲ್ಲದಿದ್ದರೂ ಸೊಂಟ ಇದೆ.

ಇನ್ನೊಂದು, ಮಾಹಿತಿ ಕೇಂದ್ರದ ಕೆಲಸ. ಕುದುರೆಮುಖ, ನೇತ್ರಾವತಿ ಶಿಖರಗಳ ಚಾರಣಕ್ಕೆ ಅರಣ್ಯ ಇಲಾಖೆ ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇಟ್ಟಿದೆ, ಆನ್‌ಲೈನಿನಲ್ಲಿ ಬುಕ್ ಮಾಡಬೇಕು. ನಿಯಮ ಒಳ್ಳೆಯದೇ. ಆದರೆ ಗೆಳೆಯನಿಗೆ ಬರೋ ಫೋನುಗಳಲ್ಲಿ ಅರ್ಧ ಇದರದ್ದೇ ಅಂತೆ: "ನಿಂಗಲ್ಲಿ ಯಾರಾದ್ರೂ ಗೊತ್ತಿರ್ತಾರಲ್ಲ, ಟಿಕೆಟ್ ಮಾಡಿಸು." "ಜೀಪ್ ಹೇಳಿಡು." "ಮಳೆ ಇದೆಯಾ?" ಈ 'ಮಳೆ ಇದೆಯಾ' ಅನ್ನೋದು ನನಗೆ ಬಹಳ ವಿಚಿತ್ರ ಅನ್ನಿಸೋ ಪ್ರಶ್ನೆ. ಕೇಳೋದು ಮಳೆ ಬಗ್ಗೆ, ಆದರೆ ಆ ಮಳೆಯಲ್ಲಿ ನಿಂತಿರೋನ ಬಗ್ಗೆ ಅಲ್ಲ.

ಹೊರಡುವಾಗ ನಾನು "ಬೆಂಗಳೂರಿಗೆ ಬಾರೋ ಒಮ್ಮೆ" ಅಂದೆ. "ಬಂದಿದ್ನಲ್ಲ, ಮಾರ್ಚ್‌ನಲ್ಲಿ" ಅಂದ. ಅಪ್ಪನ ತಪಾಸಣೆಗೆ ಬಂದು ಎರಡು ದಿನ ಗಾಂಧಿನಗರದ ಲಾಡ್ಜಿನಲ್ಲಿ ಉಳಿದುಕೊಂಡು, ರಾತ್ರಿ ಬಸ್ಸಿಗೆ ವಾಪಸ್ ಹೋಗಿದ್ದನಂತೆ. ನಮ್ಮಲ್ಲಿ ಒಬ್ಬರಿಗೂ ಹೇಳಿರಲಿಲ್ಲ. "ನಿಮಗೆಲ್ಲ ಆಫೀಸು, ಟ್ರಾಫಿಕ್ಕು. ಎಂತಕ್ಕೆ ತೊಂದರೆ ಅಂತ" ಅಂದ. ಸಿಟ್ಟಿನಿಂದ ಹೇಳಲಿಲ್ಲ, ಎಂದಿನ ಹಾಗೆ ನಕ್ಕೇ ಹೇಳಿದ.

ನನ್ನ ವಾದ ಇರೋದೇ ಇಲ್ಲಿ. ನಮ್ಮ ಕಾರು ಅವನ ಅಂಗಳಕ್ಕೆ ಹೇಳದೇ ಕೇಳದೇ ನುಗ್ಗಬಹುದು, ಅದಕ್ಕೆ ಸಲುಗೆ ಅಂತ ಹೆಸರು. ಅವನ ಕಷ್ಟ ನಮ್ಮ ಫ್ಲ್ಯಾಟಿನ ಬಾಗಿಲಿಗೆ ಬರೋಕೆ ಹಿಂಜರಿಯತ್ತೆ, ಅದಕ್ಕೆ ಸಂಕೋಚ ಅಂತ ಹೆಸರು. ಒಂದೇ ಸ್ನೇಹದಲ್ಲಿ ಒಂದು ಕಡೆಗೆ ಬರೀ ಸಲುಗೆ, ಇನ್ನೊಂದು ಕಡೆಗೆ ಬರೀ ಸಂಕೋಚ ಆದರೆ ಅದು ಎಷ್ಟು ದಿನ ಸ್ನೇಹವಾಗಿ ಉಳಿಯತ್ತೆ ಹೇಳಿ?

ನೀವು ಏನು ಕೇಳ್ತೀರಿ ಅಂತ ಗೊತ್ತು. "ಅರ್ಧ ದಿನವಾದರೂ ಹೋಗೋದು ಒಳ್ಳೇದಲ್ವಾ? ಎಲ್ಲರಿಗೂ ಮೂರು ದಿನ ರಜೆ ಎಲ್ಲಿ ಸಿಗತ್ತೆ?" ನ್ಯಾಯವಾದ ಪ್ರಶ್ನೆ. ಗೆಳೆಯನ ಅಮ್ಮನನ್ನೇ ಕೇಳಿದರೆ "ಬಂದಷ್ಟು ಹೊತ್ತು ಬರ್ಲಿ, ಮನೆಗೆ ಜನ ಬರ್ಬೇಕು" ಅಂತಾರೆ. ಬೆಟ್ಟದ ಮೇಲಿನ ಒಂಟಿ ಮನೆಗೆ ನೆಂಟರು ಬರೋದು ಹಬ್ಬವೇ, ಅದನ್ನ ನಾನು ಅಲ್ಲಗಳೆಯೋದಿಲ್ಲ. ಅರ್ಧ ದಿನ ಅಂದರೆ ಅರ್ಧ ದಿನವೇ ಇರಲಿ. ಆದರೆ ಆ ಅರ್ಧ ದಿನ ಪೂರ್ತಿ ಅವನದಾಗಿರಲಿ. ಹೊರನಾಡಿನ ಕ್ಯೂ ತಡವಾಯಿತು ಅಂತ ಒಂದು ಗಂಟೆಯ ಊಟವನ್ನ ಮೂರಕ್ಕೆ ತಳ್ಳಿ, ಕುದುರೆಮುಖ ತಪ್ಪಿಹೋಗತ್ತೆ ಅಂತ ಗಡಿಯಾರ ನೋಡ್ತಾ ಪಾಯಸ ನುಂಗಿ ಎದ್ದು ಬರೋದಾದರೆ, ಪೇಟೆಯ ಹೋಟೆಲಿನಲ್ಲೇ ಉಂಡುಬಿಡಿ. ಗೆಳೆಯನಿಗೆ ಹೊರಗಿನಿಂದಲೇ ಒಂದು ಫೋನ್ ಮಾಡಿ ಚೆನ್ನಾಗಿ ಮಾತಾಡಿ.

ನನ್ನ ಕೋರಿಕೆ ಇಷ್ಟೇ. ಹೋಗೋದಾದರೆ ಗೆಳೆಯನಿಗೆ ಅನುಕೂಲವಾದ ದಿನ ಕೇಳಿ ಹೋಗಿ, ನಮ್ಮ ಲಾಂಗ್ ವೀಕೆಂಡ್ ನೋಡಿ ಅಲ್ಲ. ಕೊಯ್ಲಿನ ಹೊತ್ತಿಗೆ ಹೋದರೆ ಕೈ ಜೋಡಿಸಿ. ಒಮ್ಮೆಯಾದರೂ ಮಳೆಗಾಲದಲ್ಲಿ ಹೋಗಿ, ಕರೆಂಟಿಲ್ಲದ, ಸಿಗ್ನಲ್ಲಿಲ್ಲದ ಒಂದು ರಾತ್ರಿ ಅವನ ಜಗಲಿಯಲ್ಲಿ ಕೂತುಕೊಳ್ಳಿ. ಪುಣ್ಯವಂತ ಅಂತಲೂ ಅನ್ನಬೇಡಿ, ಬಂದ್ಬಿಡು ಅಂತಲೂ ಅನ್ನಬೇಡಿ, "ಈ ವರ್ಷ ಹ್ಯಾಗಾಯ್ತು?" ಅಂತ ಕೇಳಿ ಸುಮ್ಮನಿದ್ದುಬಿಡಿ. ಅವನು ಬೆಂಗಳೂರಿಗೆ ಬಂದರೆ ಯಾವ ಹೊತ್ತಿಗಾದರೂ ಸರಿ, ಬಸ್ ಸ್ಟ್ಯಾಂಡಿಗೆ ಹೋಗಿ ಕರೆದುಕೊಂಡು ಬರ್ತೀನಿ ಅಂತ ಈಗಲೇ ಹೇಳಿಟ್ಟಿರಿ. ನಮ್ಮ ಗೆಳೆಯನಿಗೆ ನಾವು ಮೂವರೂ ಹೇಳಿ ಬಂದಿದ್ದೀವಿ. ಅಪ್ಪನ ಮುಂದಿನ ತಪಾಸಣೆಯ ತಾರೀಖು ನನ್ನ ಫೋನಿನಲ್ಲಿದೆ, ಲಾಡ್ಜಿಗೆ ಹೋದರೆ ಹಳೇ ಹಾಸ್ಟೆಲ್ ಭಾಷೆಯಲ್ಲೇ ಬೈತೀನಿ ಅಂತ ಎಚ್ಚರಿಕೆ ಕೊಟ್ಟಾಗಿದೆ.

ನಿಮಗೂ ಘಟ್ಟದ ಮೇಲೋ ಕಾಡಿನೊಳಗೋ ಇಂಥವನೊಬ್ಬ ಇದ್ದೇ ಇರ್ತಾನೆ, ಇರ್ತಾಳೆ. ರಸ್ತೆ ಹೇಗಿದೆ, ಫಾಲ್ಸಿನಲ್ಲಿ ನೀರಿದೆಯಾ ಅಂತ ಕೇಳೋಕಲ್ಲದೆ, ಸುಮ್ಮನೆ ಕೊನೆಯ ಸಲ ಫೋನ್ ಮಾಡಿದ್ದು ಯಾವಾಗ? ಇವತ್ತು ಒಂದು ಮಾಡಿ ನೋಡಿ. ಮತ್ತೆ ನನ್ನ ಮಾತು ತಪ್ಪು ಅನ್ನಿಸಿದರೆ, ಅದರಲ್ಲೂ ನೀವೇ ಆ ಬೆಟ್ಟದೂರಿನಲ್ಲಿ ಕೂತು ನೆಂಟರಿಗೆ ಬಡಿಸೋರಾಗಿದ್ದರೆ, ದಯವಿಟ್ಟು ಬರೆದು ತಿಳಿಸಿ. ನಿಮ್ಮ ಕಡೆಯ ಮಾತು ನಮಗೆ ಕೇಳೋದೇ ಕಮ್ಮಿ.